ಪಹಣಿಯ ಪೆಟ್ಟಿಗೆಯಲ್ಲಿ ಆರೋಗ್ಯದ ಕಾಗದಕ್ಕೂ ಸ್ಥಳವಿರಲಿ



ನಿಮ್ಮ ಹೊಲದ ಸರ್ವೆ ನಂಬರು ಯಾವುದೆಂದು ಯಾರಾದರೂ ಕೇಳಿದರೆ ನೀವು ತಡವರಿಸದೆ ಹೇಳಬಲ್ಲಿರಿ. ಎಷ್ಟು ಎಕರೆ, ಎಷ್ಟು ಗುಂಟೆ, ಅದರಲ್ಲಿ ಖರಾಬು ಎಷ್ಟು, ಚಕ್ಕುಬಂದಿ ಏನು ಎಂಬುದೆಲ್ಲ ನಿಮಗೆ ಬಾಯಿಪಾಠ. ಅಜ್ಜನ ಕಾಲದ ಕ್ರಯಪತ್ರ, ವಿಭಾಗಪತ್ರ, ಪಹಣಿ, ಕಂದಾಯದ ರಸೀದಿ ಇವೆಲ್ಲವೂ ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿ ಭದ್ರವಾಗಿವೆ. ಕೊಟ್ಟಿಗೆಯ ಹಸುವಿನ ಕಿವಿಯಲ್ಲಿ 12 ಅಂಕಿಗಳ ಹಳದಿ ಬಿಲ್ಲೆ ಇದೆ. ಅದು ಗಬ್ಬವಾದದ್ದು ಯಾವಾಗ, ಕರು ಹಾಕುವುದು ಯಾವಾಗ, ಕಾಲುಬಾಯಿ ಜ್ವರದ ಲಸಿಕೆ ಆದದ್ದು ಯಾವಾಗ ಎಂಬ ಲೆಕ್ಕವೂ ನಿಮ್ಮಲ್ಲಿ ಉಂಟು.

ಈಗ ಬೇರೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಿಮ್ಮ ಮನೆಯಾಕೆಯ ರಕ್ತದ ಗುಂಪು ಯಾವುದು? ನಿಮ್ಮ ತಂದೆಯವರು ದಿನವೂ ಬೆಳಿಗ್ಗೆ ನುಂಗುವ ಮಾತ್ರೆಗಳ ಹೆಸರೇನು? ಚಿಕ್ಕ ಮಗುವಿಗೆ ಕೊನೆಯ ಲಸಿಕೆ ಹಾಕಿಸಿದ್ದು ಯಾವ ತಿಂಗಳಲ್ಲಿ? ಯಾವ ಔಷಧಿ ನಿಮ್ಮ ಮೈಗೆ ಒಗ್ಗುವುದಿಲ್ಲ? ಅನೇಕ ಮನೆಗಳಲ್ಲಿ ಗಂಡಸರು ಕೊಡುವ ಉತ್ತರ ಒಂದೇ: "ಅವಳಿಗೆ ಗೊತ್ತು, ಅವಳನ್ನೇ ಕೇಳಬೇಕು."

ಮನೆಯಾಕೆಗೆ ಗೊತ್ತಿರುವುದು ನಿಜ. ಅತ್ತೆಯ ಬಿ.ಪಿ. ಮಾತ್ರೆ ಮುಗಿಯುವ ದಿನ, ಮಗುವಿನ ಚುಚ್ಚುಮದ್ದಿನ ದಿನ, ಮೈದುನನಿಗೆ ಹಿಂದೆ ಆದ ಕಾಮಾಲೆ ಎಲ್ಲವನ್ನೂ ಆಕೆ ಹಾಲು ಕರೆಯುತ್ತ, ರೊಟ್ಟಿ ತಟ್ಟುತ್ತ, ಕಳೆ ಕೀಳುತ್ತ ನೆನಪಿನಲ್ಲಿಯೇ ಹೊತ್ತುಕೊಂಡಿರುತ್ತಾಳೆ. ಆದರೆ ಒಂದು ರಾತ್ರಿ ಆಕೆಯೇ ಎಚ್ಚರ ತಪ್ಪಿ ಬಿದ್ದರೆ ಯಾರನ್ನು ಕೇಳುವುದು? ಆಗ ಮಾತಾಡಬಲ್ಲುದು ಕಾಗದವೊಂದೇ. ಆ ಕಾಗದ ಕೈಗೆ ಸಿಗುವ ಜಾಗದಲ್ಲಿ ಇರಬೇಕು. ಮನೆಮಂದಿಯ ಚಿಕಿತ್ಸೆಯ ಕಾಗದಗಳನ್ನು ಕ್ರಮವಾಗಿ ಕಟ್ಟಿಡುವ ಬಗೆಯನ್ನು ಈ ಲೇಖನದಲ್ಲಿ ತಿಳಿಸಲಾಗಿದೆ. ಇದಕ್ಕೆ ಹೆಚ್ಚಿನ ವಿದ್ಯೆ ಬೇಡ, ಹೆಚ್ಚಿನ ಹಣವೂ ಬೇಡ. ಬಿಡುವಿನ ಒಂದು ಮಧ್ಯಾಹ್ನ ಸಾಕು.

ಹಳೆಯ ಚೀಟಿಯಿಂದ ಏನು ಪ್ರಯೋಜನ?

"ರೋಗ ವಾಸಿಯಾಯಿತು, ಇನ್ನು ಚೀಟಿ ಏತಕ್ಕೆ?" ಎಂದು ಕೆಲವರು ಕೇಳುವುದುಂಟು. ಹೊಲದ ಮಣ್ಣಿನ ಗುಣ ತಿಳಿಯಲು ಹಿಂದಿನ ವರ್ಷ ಯಾವ ಬೆಳೆ ಇಟ್ಟಿದ್ದಿರಿ, ಯಾವ ಗೊಬ್ಬರ ಹಾಕಿದ್ದಿರಿ ಎಂದು ವಿಚಾರಿಸುವುದಿಲ್ಲವೇ? ವೈದ್ಯರೂ ಹಾಗೆಯೇ. ಇಂದಿನ ರೋಗವನ್ನು ಅಳೆಯಲು ಅವರಿಗೆ ನಿನ್ನೆಯ ಸಂಗತಿ ಬೇಕು. ಕೆಲವು ಉದಾಹರಣೆಗಳನ್ನು ನೋಡೋಣ.

ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಹೊಲದಲ್ಲಿ ಪ್ರಜ್ಞೆ ತಪ್ಪುತ್ತಾರೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿ ಏರಿದರೂ ಹೀಗಾಗಬಹುದು, ಮಾತ್ರೆ ನುಂಗಿ ಊಟ ಬಿಟ್ಟದ್ದರಿಂದ ಸಕ್ಕರೆ ತೀರ ಇಳಿದರೂ ಹೀಗಾಗಬಹುದು, ಪಾರ್ಶ್ವವಾಯುವಿನಿಂದಲೂ ಆಗಬಹುದು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಇಂಥ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬ ಚೀಟಿ ಜೊತೆಯಲ್ಲಿದ್ದರೆ ವೈದ್ಯರು ಮೊದಲ ನಿಮಿಷದಲ್ಲಿಯೇ ಆ ದಿಕ್ಕಿನಲ್ಲಿ ನೋಡುತ್ತಾರೆ.

ಎದೆನೋವೆಂದು ಬಂದವರಿಗೆ ಇಸಿಜಿ ತೆಗೆಯುತ್ತಾರೆ. ಅದರಲ್ಲಿ ಒಂದು ದೋಷ ಕಂಡರೆ, ಅದು ಇಂದು ಆದದ್ದೋ ಹಿಂದಿನಿಂದಲೂ ಇದ್ದದ್ದೋ ಎಂಬುದು ಮುಖ್ಯ ಪ್ರಶ್ನೆ. ಹಳೆಯ ಇಸಿಜಿ ಕಾಗದವಿದ್ದರೆ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಬಹುದು.

ಕ್ಷಯರೋಗಕ್ಕೆ ಹಿಂದೊಮ್ಮೆ ಮಾತ್ರೆ ತಿಂದವರಿಗೆ ಮತ್ತೆ ಕೆಮ್ಮು ಬಂದರೆ, ಮೊದಲ ಸಲ ಎಷ್ಟು ತಿಂಗಳು ಔಷಧಿ ತಿಂದರು, ಪೂರ್ಣ ಮಾಡಿದರೋ ನಡುವೆ ಬಿಟ್ಟರೋ ಎಂಬುದನ್ನು ತಿಳಿಯುವುದು ಅತ್ಯಾವಶ್ಯಕ. ನಡುವೆ ಬಿಟ್ಟಿದ್ದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗಿರಬಹುದು.

ಕುಡುಗೋಲು ತಗುಲಿ, ಮುಳ್ಳು ಚುಚ್ಚಿ ಗಾಯವಾಗುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು. ಧನುರ್ವಾಯುವಿನ ಚುಚ್ಚುಮದ್ದು ಹಿಂದೆ ಆಗಿದೆಯೇ, ಯಾವಾಗ ಆಗಿದೆ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ. ತಾರೀಖು ಗೊತ್ತಿದ್ದರೆ ಈಗ ಬೇಕೋ ಬೇಡವೋ ಎಂಬುದು ಕೂಡಲೇ ನಿರ್ಧಾರವಾಗುತ್ತದೆ.

ಹುಚ್ಚುನಾಯಿ ಕಡಿತದ ಲಸಿಕೆಯ ಮಾತಂತೂ ಹೇಳಲೇಬೇಕು. ತೋಳಿಗೆ ಚುಚ್ಚುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ, ಅನಂತರ 3, 7, 14 ಮತ್ತು 28ನೆಯ ದಿನ ಲಸಿಕೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ. ಸುಗ್ಗಿಯ ಗಡಿಬಿಡಿಯಲ್ಲಿ ಕೊನೆಯ ಲಸಿಕೆಯನ್ನು ಮರೆಯುವವರು ಉಂಟು. ಈ ರೋಗವು ಒಮ್ಮೆ ತಲೆದೋರಿದರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದುದರಿಂದ ಒಂದು ಲಸಿಕೆಯನ್ನೂ ಬಿಡಬಾರದು. ಪೂರ್ಣ ಲಸಿಕೆ ಪಡೆದ ಚೀಟಿ ನಿಮ್ಮಲ್ಲಿದ್ದು ಮುಂದೊಮ್ಮೆ ಪುನಃ ನಾಯಿ ಕಚ್ಚಿದರೆ, ಸಾಮಾನ್ಯವಾಗಿ 0 ಮತ್ತು 3ನೆಯ ದಿನಗಳ ಎರಡೇ ಲಸಿಕೆಗಳು ಸಾಕಾಗುತ್ತವೆ. ಚೀಟಿ ಇಲ್ಲದಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾದೀತು.

ಆಸ್ಪತ್ರೆಯವರ ಬಳಿ ಇರುವುದಿಲ್ಲವೇ?

"ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಬರೆದಿಟ್ಟಿರುತ್ತಾರೆ" ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಜ್ವರಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ಹೆರಿಗೆಗೆ ತಾಲ್ಲೂಕು ಆಸ್ಪತ್ರೆ, ಮೂಳೆ ಮುರಿದರೆ ಜಿಲ್ಲಾ ಆಸ್ಪತ್ರೆ, ಸಂತೆಯ ದಿನ ಪೇಟೆಯ ಖಾಸಗಿ ಡಾಕ್ಟರು, ಹೀಗೆ ನಮ್ಮ ಚಿಕಿತ್ಸೆ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಒಂದು ಕಡೆ ಬರೆದದ್ದು ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ಆ ನಾಲ್ಕನ್ನೂ ಒಂದುಗೂಡಿಸಬಲ್ಲ ಸ್ಥಳ ನಿಮ್ಮ ಮನೆಯೇ.

ಇನ್ನೊಂದು ಸಂಗತಿಯನ್ನೂ ತಿಳಿದಿರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳವರೆಗೆ ಇಡುವುದು ವೈದ್ಯರ ಕರ್ತವ್ಯ. ಅನಂತರವೂ ಅವು ಸಿಕ್ಕೇ ಸಿಗುತ್ತವೆ ಎಂದು ಭರವಸೆ ಇಡುವಂತಿಲ್ಲ. ಆದರೆ ಅದೇ ನಿಯಮಾವಳಿಯು ನಿಮಗೆ ಒಂದು ಹಕ್ಕನ್ನೂ ಕೊಟ್ಟಿದೆ. ರೋಗಿಯಾಗಲಿ ಅವನು ಅಧಿಕಾರ ಕೊಟ್ಟವರಾಗಲಿ ತಮ್ಮ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕದ್ದು. ಆದುದರಿಂದ ಆಸ್ಪತ್ರೆಯಿಂದ ಹೊರಡುವ ದಿನವೇ ಡಿಸ್ಚಾರ್ಜ್ ಕಾರ್ಡನ್ನು ಕೇಳಿ ಪಡೆಯಿರಿ. ಅದನ್ನು ಮನೆಗೆ ತಂದು ಅಟ್ಟಕ್ಕೆ ಎಸೆಯಬೇಡಿ.

ಯಾವ ಕಾಗದ ಇಡಬೇಕು, ಯಾವುದನ್ನು ಬಿಡಬಹುದು?

ಎಲ್ಲವನ್ನೂ ತುಂಬಿಟ್ಟರೆ ಬೇಕಾದದ್ದು ಸಿಗುವುದಿಲ್ಲ. ಕಾಳನ್ನು ತೂರಿ ಹೊಟ್ಟನ್ನು ಬೇರ್ಪಡಿಸುವಂತೆ ಕಾಗದಗಳನ್ನೂ ತೂರಬೇಕು.

ಎಂದಿಗೂ ಬಿಸಾಡದೆ ಇಡತಕ್ಕವು ಇವು: ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡುಗಳು, ಶಸ್ತ್ರಚಿಕಿತ್ಸೆಯ ವಿವರ, ಹೆರಿಗೆಯ ಕಾಗದಗಳು, ತಾಯಿ ಕಾರ್ಡು, ಮಕ್ಕಳ ಲಸಿಕೆಯ ಕಾರ್ಡು, ರಕ್ತದ ಗುಂಪಿನ ವರದಿ, ಗಡ್ಡೆ ಮೊದಲಾದುವನ್ನು ತೆಗೆದು ಪರೀಕ್ಷಿಸಿದ ವರದಿ, ಕ್ಷಯರೋಗದ ಚಿಕಿತ್ಸಾ ಕಾರ್ಡು, ಹಾವು ಮತ್ತು ನಾಯಿ ಕಡಿತದ ಚೀಟಿಗಳು, ಔಷಧಿ ಒಗ್ಗದೆ ತೊಂದರೆಯಾದ ಸಂಗತಿ ಬರೆದಿರುವ ಕಾಗದ.

ಬಿ.ಪಿ., ಸಕ್ಕರೆ, ಹೃದ್ರೋಗ, ಮೂರ್ಛೆ, ಉಬ್ಬಸ ಮೊದಲಾದ ದೀರ್ಘ ಕಾಯಿಲೆಗಳಿಗೆ ಸಂಬಂಧಿಸಿದ ಚೀಟಿ ಹಾಗೂ ರಕ್ತಪರೀಕ್ಷೆಗಳನ್ನು ತಾರೀಖಿನ ಕ್ರಮದಲ್ಲಿ ಇಡಿ. ಕಾಯಿಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಒಂದು ವರದಿಯಿಂದ ತಿಳಿಯದು. ನಾಲ್ಕಾರು ವರದಿಗಳನ್ನು ಸಾಲಾಗಿ ನೋಡಿದಾಗಲೇ ತಿಳಿಯುವುದು.

ನೆಗಡಿ, ಸಾಮಾನ್ಯ ಜ್ವರಗಳ ಚೀಟಿಗಳನ್ನು ಒಂದು ವರ್ಷ ಇಟ್ಟು ತೆಗೆದುಹಾಕಬಹುದು. ಔಷಧಿ ಅಂಗಡಿಯ ಬಿಲ್ಲುಗಳನ್ನು, ವಿಮೆಯ ಹಣಕ್ಕೆ ಬೇಕಿಲ್ಲವಾದರೆ, ಬಿಡಬಹುದು. ಖಾಲಿ ಕವರು, ಜಾಹೀರಾತಿನ ಹಾಳೆಗಳು ಒಲೆಗೆ ಹೋಗಲಿ.

ಕಡತ ಕಟ್ಟುವ ಕ್ರಮ

ಮೊದಲನೆಯದಾಗಿ, ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಕವರುಗಳನ್ನು ತನ್ನಿ. ಪೇಟೆಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಫೈಲು ಆದರೆ ಒಳ್ಳೆಯದು. ಇಲ್ಲದಿದ್ದರೆ ಮದುವೆಯ ಸೀರೆ ತಂದ ಗಟ್ಟಿ ಕವರೂ ಆದೀತು. ಒಬ್ಬರಿಗೆ ಒಂದೇ ಕವರು. ಅಜ್ಜನ ಚೀಟಿ ಮೊಮ್ಮಗನ ಚೀಟಿಯೊಡನೆ ಬೆರೆಯಬಾರದು. ಹೆಸರನ್ನು ಮೇಲೆ ದೊಡ್ಡದಾಗಿ ಬರೆಯಿರಿ. ಓದುಬಾರದವರು ಮನೆಯಲ್ಲಿದ್ದರೆ ಒಬ್ಬೊಬ್ಬರ ಕವರಿಗೆ ಒಂದೊಂದು ಬಣ್ಣದ ದಾರ ಕಟ್ಟಿ. ಕೆಂಪು ದಾರ ಅಜ್ಜಿಯದು, ಹಸಿರು ದಾರ ಮಗುವಿನದು ಎಂದು ಎಲ್ಲರಿಗೂ ತಿಳಿಸಿ.

ಎರಡನೆಯದಾಗಿ, ಕಾಗದಗಳನ್ನು ತಾರೀಖಿನಂತೆ ಜೋಡಿಸಿ. ಹೊಸದು ಮೇಲೆ, ಹಳೆಯದು ಕೆಳಗೆ. ತಾರೀಖು ಅಳಿಸಿಹೋಗಿದ್ದರೆ "ಮಗಳ ಮದುವೆಯ ವರ್ಷ", "ಕೆರೆ ಕೋಡಿ ಬಿದ್ದ ವರ್ಷ" ಎಂದು ನೆನಪಿದ್ದಷ್ಟನ್ನು ಮೂಲೆಯಲ್ಲಿ ಬರೆದಿಡಿ.

ಮೂರನೆಯದಾಗಿ, ಎಲ್ಲ ಕವರುಗಳನ್ನು ಒಂದೇ ಚೀಲದಲ್ಲಿಟ್ಟು ಒಂದೇ ಸ್ಥಳದಲ್ಲಿ ಇಡಿ. ಒಲೆಯ ಮೇಲಿನ ಅಟ್ಟ ಬೇಡ, ಹೊಗೆಯಿಂದ ಕಾಗದ ಕಪ್ಪಾಗುತ್ತದೆ. ಮಣ್ಣುಗೋಡೆಯ ಗೂಡು ಬೇಡ, ಗೆದ್ದಲು ಹತ್ತುತ್ತದೆ. ಸೋರುವ ಮೂಲೆ ಬೇಡ. ದವಸದ ಚೀಲಗಳ ನಡುವೆಯಂತೂ ಬೇಡವೇ ಬೇಡ, ಇಲಿ ಕಡಿದುಬಿಡುತ್ತದೆ. ಬಾಗಿಲಿನ ಹತ್ತಿರದ ಗೋಡೆಗೆ ಗಟ್ಟಿ ಮೊಳೆ ಹೊಡೆದು ಚೀಲವನ್ನು ತೂಗುಹಾಕಬಹುದು, ಇಲ್ಲವೇ ಪಹಣಿ ಇಡುವ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿಡಬಹುದು. ಟ್ರಂಕಿಗೆ ಬೀಗ ಹಾಕುವವರಾದರೆ ಬೀಗದ ಕೈ ಎಲ್ಲಿದೆಯೆಂಬುದು ಕನಿಷ್ಠ ಇಬ್ಬರಿಗಾದರೂ ತಿಳಿದಿರಲಿ. ನಡುರಾತ್ರಿ, ಕರೆಂಟು ಹೋದಾಗ, ಹತ್ತು ವರ್ಷದ ಹುಡುಗನೂ ತಡಕಿ ತರಬಲ್ಲಂತೆ ಇರಬೇಕು.

ಎಕ್ಸ್‌ರೇ ಫಿಲ್ಮುಗಳನ್ನು ಮಡಿಸಬೇಡಿ, ಸುರುಳಿ ಸುತ್ತಬೇಡಿ. ಅವುಗಳ ದೊಡ್ಡ ಕವರಿನಲ್ಲಿಯೇ ಚಪ್ಪಟೆಯಾಗಿ ಇಡಿ. ಇಸಿಜಿ ತೆಗೆಯುವ ನುಣುಪಾದ ಕಾಗದ ವಿಶೇಷ ಬಗೆಯದು. ಶಾಖಕ್ಕೆ ಬಣ್ಣ ತಳೆಯುವ ಕಾಗದವಾದುದರಿಂದ ಬಿಸಿಲಿಗೆ, ಕಾವಿಗೆ ಅದರ ಗೆರೆಗಳು ವರ್ಷಗಳಲ್ಲಿ ಮಾಸಿಹೋಗುತ್ತವೆ. ಆದ್ದರಿಂದ ಹೊಸದಾಗಿರುವಾಗಲೇ ಒಂದು ಜೆರಾಕ್ಸ್ ಪ್ರತಿ ತೆಗೆಸಿಡಿ. ಅದನ್ನು ಬಾಳಿಕೆ ಬರಲೆಂದು ಲ್ಯಾಮಿನೇಷನ್ ಮಾಡಿಸಬೇಡಿ. ಆ ಯಂತ್ರದ ಬಿಸಿಗೆ ಕಾಗದವೆಲ್ಲ ಕಪ್ಪಾಗಿಬಿಡುತ್ತದೆ.

ಮೊದಲ ಹಾಳೆ

ಇಡೀ ಕಡತದಲ್ಲಿ ಅತ್ಯಂತ ಬೆಲೆಯುಳ್ಳದ್ದು ಪ್ರತಿ ಕವರಿನ ಮೊದಲ ಹಾಳೆ. ತುರ್ತಿನಲ್ಲಿ ಇಪ್ಪತ್ತು ಚೀಟಿಗಳನ್ನು ಬಿಡಿಸಿ ಓದಲು ವೈದ್ಯರಿಗೆ ವೇಳೆ ಇರುವುದಿಲ್ಲ. ಒಂದೇ ಹಾಳೆಯಲ್ಲಿ ಸಾರವೆಲ್ಲ ಕಾಣಬೇಕು. ಶಾಲೆಗೆ ಹೋಗುವ ಮಗಳಿಂದಲೋ ಮಗನಿಂದಲೋ ದುಂಡಾಗಿ ಬರೆಸಿ. ಮಾದರಿ ಹೀಗಿದೆ:

ಹೆಸರು ಮತ್ತು ಹುಟ್ಟಿದ ವರ್ಷ: (ಮನೆಯ ಅಜ್ಜಿ), 1955
ರಕ್ತದ ಗುಂಪು: ಓ ಪಾಸಿಟಿವ್ (ವರದಿ ಒಳಗಿದೆ)
ಇರುವ ಕಾಯಿಲೆಗಳು: ಸಕ್ಕರೆ ಕಾಯಿಲೆ 2012ರಿಂದ, ಬಿ.ಪಿ. 2016ರಿಂದ
ಈಗ ತೆಗೆದುಕೊಳ್ಳುವ ಔಷಧಿ: ಮೆಟ್‌ಫಾರ್ಮಿನ್ 500, ಬೆಳಿಗ್ಗೆ 1, ರಾತ್ರಿ 1, ಅಮ್ಲೋಡಿಪಿನ್ 5, ಬೆಳಿಗ್ಗೆ 1
ಒಗ್ಗದ ಔಷಧಿ: ಪೆನಿಸಿಲಿನ್ (ಮೈಯೆಲ್ಲ ದದ್ದು, ಉಸಿರು ಕಟ್ಟಿತು)
ಆದ ಶಸ್ತ್ರಚಿಕಿತ್ಸೆ: ಬಲಗಣ್ಣಿನ ಪೊರೆ, 2019
ಕೊನೆಯ ಧನುರ್ವಾಯು ಚುಚ್ಚುಮದ್ದು: ತಿಂಗಳು, ವರ್ಷ
ಯಾರಿಗೆ ತಿಳಿಸಬೇಕು: ಮಗನ ಫೋನು, ಅಳಿಯನ ಫೋನು
ಹಾಳೆ ಬರೆದ ತಾರೀಖು

ಇದು ಮಾದರಿ ಮಾತ್ರ. ಔಷಧಿಯ ಹೆಸರನ್ನು ನಿಮ್ಮ ವೈದ್ಯರ ಚೀಟಿಯನ್ನೋ ಮಾತ್ರೆಯ ಶೀಟನ್ನೋ ನೋಡಿ ಅಕ್ಷರ ತಪ್ಪದಂತೆ ಬರೆಯಬೇಕು. "ಬಿಳಿ ಮಾತ್ರೆ", "ಸಣ್ಣ ಗುಳಿಗೆ" ಎಂದರೆ ಯಾರಿಗೂ ತಿಳಿಯದು, ಏಕೆಂದರೆ ಬಿಳಿಯ ಮಾತ್ರೆಗಳು ಸಾವಿರ ಇವೆ. ಶೀಟಿನಿಂದ ಮಾತ್ರೆ ತೆಗೆಯುವಾಗ ಹೆಸರು ಮತ್ತು ತಾರೀಖು ಮುದ್ರಿತವಾದ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಿ. ನಾಟಿ ಔಷಧಿ, ಬೇರು, ಕಷಾಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ನಾಚಿಕೆಪಡದೆ ಬರೆಯಿರಿ. ರಕ್ತದ ಗುಂಪನ್ನು ಊಹಿಸಿ ಬರೆಯಬೇಡಿ, ಪರೀಕ್ಷೆ ಮಾಡಿಸಿದ ವರದಿ ಇದ್ದರೆ ಮಾತ್ರ ಬರೆಯಿರಿ. ವೈದ್ಯರು ಔಷಧಿ ಬದಲಾಯಿಸಿದ ದಿನವೇ ಈ ಹಾಳೆಯನ್ನೂ ತಿದ್ದಬೇಕು. ಹಳೆಯ ಔಷಧಿ ಬರೆದಿರುವ ಹಾಳೆ ದಾರಿ ತಪ್ಪಿಸುತ್ತದೆ.

ಬಸುರಿ, ಬಾಣಂತಿ ಮತ್ತು ತಾಯಿ ಕಾರ್ಡು

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಹಿಂದಿನಿಂದ ಬಂದ ಸಂಪ್ರದಾಯ. ಸೀರೆ, ಕುಪ್ಪಸ, ಮಡಿಲಕ್ಕಿ ಎಲ್ಲ ಬರುತ್ತವೆ, ಆದರೆ ತಾಯಿ ಕಾರ್ಡು ಗಂಡನ ಮನೆಯ ಗೂಡಿನಲ್ಲಿಯೇ ಉಳಿಯುತ್ತದೆ. ನೋವು ಕಾಣಿಸಿಕೊಂಡ ರಾತ್ರಿ ತವರಿನ ಊರಿನ ಆಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯರು ಆಕೆಯನ್ನು ನೋಡುತ್ತಿರುವುದು ಅದೇ ಮೊದಲು. ಬಿ.ಪಿ. ಮೊದಲಿನಿಂದ ಹೆಚ್ಚಿತ್ತೋ ಈಗ ಏರಿತೋ, ರಕ್ತಹೀನತೆ ಎಷ್ಟಿತ್ತು, ಸ್ಕ್ಯಾನಿಂಗಿನಲ್ಲಿ ಕೂಸಿನ ಸ್ಥಿತಿ ಹೇಗಿತ್ತು, ದಿನ ತುಂಬಿದೆಯೋ ಇಲ್ಲವೋ ಎಂಬುದೆಲ್ಲ ಆ ಕಾರ್ಡಿನಲ್ಲಿ ಇರುತ್ತದೆ. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ಇದು ಮೊದಲೇ ತಿಳಿದಿದ್ದರೆ ಹೆರಿಗೆಯ ಹೊತ್ತಿಗೆ ರಕ್ತದ ಏರ್ಪಾಡು ಮಾಡಿಕೊಳ್ಳಬಹುದು.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಕೂಸಿನದು ಪಾಸಿಟಿವ್ ಆದರೆ, ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಎಂಬ ಚುಚ್ಚುಮದ್ದನ್ನು ತಾಯಿಗೆ ಕೊಡಬೇಕಾಗುತ್ತದೆ. ಅದು ತಪ್ಪಿದರೆ ಮುಂದಿನ ಕೂಸಿಗೆ ಅಪಾಯ. ಹಿಂದಿನ ಹೆರಿಗೆ ಸಿಜೇರಿಯನ್ ಆಗಿದ್ದರೆ ಅದರ ಡಿಸ್ಚಾರ್ಜ್ ಕಾರ್ಡನ್ನು ಮುಂದಿನ ಬಸಿರಿನ ಮೊದಲ ತಪಾಸಣೆಯಲ್ಲಿಯೇ ತೋರಿಸಬೇಕು. ಇವೆಲ್ಲವೂ ಒಂದು ಕಾಗದದ ಮೇಲೆ ನಿಂತ ಮಾತುಗಳು. ಆದುದರಿಂದ ಬೀಗರು ಮಗಳನ್ನು ಕಳುಹಿಸಿಕೊಡುವಾಗ, "ಕಾರ್ಡು ಎಲ್ಲಿ?" ಎಂದು ಕೇಳಿಯೇ ಗಾಡಿ ಹತ್ತಿಸಿ.

ಕೂಸಿನ ಜನನವನ್ನು 21 ದಿನಗಳೊಳಗೆ ನೋಂದಣಿ ಮಾಡಿಸಿರಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಮತ್ತು ಇತರ ಅನೇಕ ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಅದರ ಒಂದು ಪ್ರತಿಯೂ ಮಗುವಿನ ಕವರಿನಲ್ಲಿರಲಿ.

ಮಕ್ಕಳ ಲಸಿಕೆಯ ಲೆಕ್ಕ

ಸರ್ಕಾರ ಉಚಿತವಾಗಿ ಕೊಡುವ ಲಸಿಕೆಗಳ ಕಾಲಗಳನ್ನು ನೆನಪಿಗಾಗಿ ಇಲ್ಲಿ ಕೊಟ್ಟಿದೆ.

ಹುಟ್ಟಿದೊಡನೆ: ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್-ಬಿ.
6, 10 ಮತ್ತು 14 ವಾರಗಳಿಗೆ: ಪೆಂಟಾವೇಲೆಂಟ್, ಪೋಲಿಯೋ ಹನಿ, ರೋಟಾ ಹನಿ. ಇದರಲ್ಲಿ 6 ಮತ್ತು 14ನೆಯ ವಾರ ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಮತ್ತು ಪೋಲಿಯೋ ಚುಚ್ಚುಮದ್ದು ಕೂಡ.
9 ತಿಂಗಳು ತುಂಬಿದಾಗ: ದಡಾರ-ರುಬೆಲ್ಲಾ ಮೊದಲ ಸಲ, ಜೊತೆಗೆ ಪಿ.ಸಿ.ವಿ. ಮತ್ತು ಪೋಲಿಯೋ ಚುಚ್ಚುಮದ್ದು.
16ರಿಂದ 24 ತಿಂಗಳೊಳಗೆ: ದಡಾರ-ರುಬೆಲ್ಲಾ ಎರಡನೆಯ ಸಲ, ಡಿ.ಪಿ.ಟಿ. ಬೂಸ್ಟರ್, ಪೋಲಿಯೋ ಹನಿ.
5ರಿಂದ 6 ವರ್ಷದೊಳಗೆ: ಡಿ.ಪಿ.ಟಿ. ಎರಡನೆಯ ಬೂಸ್ಟರ್.
10 ಮತ್ತು 16 ವರ್ಷಗಳಿಗೆ: ಧನುರ್ವಾಯು ಮತ್ತು ಗಂಟಲುಮಾರಿಯ ಟಿ.ಡಿ. ಚುಚ್ಚುಮದ್ದು.

ಮೊದಲ ಮೂರೂವರೆ ತಿಂಗಳ ಲಸಿಕೆಗಳನ್ನು ತಾಯಂದಿರು ಮರೆಯುವುದು ಕಡಿಮೆ. ಮರೆಯುವುದು ಒಂದೂವರೆ ವರ್ಷದ ಮೇಲಿನವು, ಏಕೆಂದರೆ ಅಷ್ಟು ಹೊತ್ತಿಗೆ ತಾಯಿ ಪುನಃ ಹೊಲದ ಕೆಲಸಕ್ಕೆ ಇಳಿದಿರುತ್ತಾಳೆ. ಮುಂದಿನ ಲಸಿಕೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತುಹಾಕಿ. ಒಂದು ತಪ್ಪಿದ್ದರೆ "ಇನ್ನು ಹೋಯಿತು" ಎಂದು ಕೈಬಿಡಬೇಡಿ. ಕಾರ್ಡು ತೆಗೆದುಕೊಂಡು ಉಪಕೇಂದ್ರಕ್ಕೆ ಹೋಗಿ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುವ ಕ್ರಮ ಉಂಟು. ಕಾರ್ಡು ಕಳೆದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಉಪಕೇಂದ್ರದ ಲೆಕ್ಕ ನೋಡಿ ಹೊಸ ಕಾರ್ಡು ಬರೆಸಿಕೊಳ್ಳಿ.

ತುರ್ತಿನ ಸಮಯದಲ್ಲಿ

108ಕ್ಕೆ ಫೋನು ಮಾಡಿದರೆ ಉಚಿತವಾಗಿ ಆಂಬುಲೆನ್ಸ್ ಬರುತ್ತದೆಂಬುದು ನಿಮಗೆಲ್ಲ ತಿಳಿದದ್ದೇ. ಗಾಡಿ ಬರುವಷ್ಟರಲ್ಲಿ ಮನೆಯ ಇನ್ನೊಬ್ಬರು ಆ ವ್ಯಕ್ತಿಯ ಕವರು, ಆಯುಷ್ಮಾನ್ ಕಾರ್ಡು ಮತ್ತು ಪಡಿತರ ಚೀಟಿ ಇಷ್ಟನ್ನು ಕೈಗೆತ್ತಿಕೊಳ್ಳಬೇಕು. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಯೋಜನೆಗೆ ಸೇರಿದವರು ಆ ಕಾರ್ಡನ್ನೂ ಜೊತೆಗಿಡಿ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ಕೊಡುವ ರೆಫರಲ್ ಪತ್ರವನ್ನು ಕಳೆಯಬೇಡಿ.

ಹಾವು ಕಚ್ಚಿದರೆ ಹಾವನ್ನು ಹುಡುಕುತ್ತ, ಮಂತ್ರ ಹಾಕಿಸುತ್ತ ವೇಳೆ ಕಳೆಯಬೇಡಿ. ಕಚ್ಚಿದ ಹೊತ್ತು ಎಷ್ಟೆಂದು ನೋಡಿ ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಸಾಗಿಸಿ. ಕೀಟನಾಶಕ ಸಿಂಪಡಿಸುವಾಗ ತಲೆಸುತ್ತಿ ಬಿದ್ದರೆ, ಅಥವಾ ಯಾರಾದರೂ ಅದನ್ನು ಕುಡಿದರೆ, ಆ ಡಬ್ಬಿಯ ಮೇಲಿನ ಲೇಬಲ್ಲೇ ಅಂದಿನ ಮುಖ್ಯ ಕಾಗದ. ವಿಷದ ಹೆಸರು, ಅದಕ್ಕೆ ಪ್ರತಿವಿಷ ಏನೆಂಬುದು ಅದರಲ್ಲಿ ಅಚ್ಚಾಗಿರುತ್ತದೆ. ಡಬ್ಬಿಯ ಮುಚ್ಚಳ ಬಿಗಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಇದೇ ಕಾರಣದಿಂದ ಕೀಟನಾಶಕವನ್ನು ಬೇರೆ ಬಾಟಲಿಗೆ ಸುರಿದಿಡಬಾರದು.

ಫೋನಿನಲ್ಲಿಯೂ ಒಂದು ಪ್ರತಿ

ಈಗ ಮನೆಮನೆಗೂ ಕ್ಯಾಮೆರಾ ಇರುವ ಫೋನು ಬಂದಿದೆ. ಪ್ರತಿಯೊಬ್ಬರ ಮೊದಲ ಹಾಳೆ ಮತ್ತು ಡಿಸ್ಚಾರ್ಜ್ ಕಾರ್ಡಿನ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆದು, ಮನೆಯ ಇಬ್ಬರ ಫೋನಿನಲ್ಲಿ ಇಡಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸದಲ್ಲಿರುವ ಮಗನಿಗೂ ಕಳುಹಿಸಿಡಿ. ಮಳೆಗೆ ಮನೆ ಬಿದ್ದು ಕಾಗದ ಹಾಳಾದರೂ ಆ ಪ್ರತಿ ಉಳಿಯುತ್ತದೆ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶಾದ್ಯಂತ ಆರಂಭಿಸಿದ ಡಿಜಿಟಲ್ ಆರೋಗ್ಯ ಕಾರ್ಯಕ್ರಮದಲ್ಲಿ 14 ಅಂಕಿಗಳ ಆಭಾ ಸಂಖ್ಯೆಯನ್ನು ಉಚಿತವಾಗಿ ಪಡೆಯಬಹುದು. ಈ ಏರ್ಪಾಡಿಗೆ ಸೇರಿದ ಆಸ್ಪತ್ರೆಗಳ ದಾಖಲೆಗಳನ್ನು ನಿಮ್ಮ ಒಪ್ಪಿಗೆಯ ಮೇಲೆ ಅದರೊಡನೆ ಜೋಡಿಸಬಹುದು. ಆದರೆ ಫೋನಿನ ಚಾರ್ಜು ಮುಗಿಯುತ್ತದೆ, ಫೋನು ಕೆರೆಗೆ ಬೀಳುತ್ತದೆ. ಆದ್ದರಿಂದ ಫೋನು ಕಡತಕ್ಕೆ ಜೊತೆಗಾರನಾಗಲಿ, ಕಡತದ ಬದಲಿಗೆ ಬೇಡ.

ರೋಗದ ಸಂಗತಿ ಮನೆಯ ಗುಟ್ಟು ಎಂಬುದನ್ನೂ ಮರೆಯಬೇಡಿ. ಚಿಕಿತ್ಸೆ ಕೊಡುವವರಿಗೆ ಎಲ್ಲವನ್ನೂ ತೋರಿಸಬೇಕು, ಕಟ್ಟೆಯ ಮೇಲೆ ಕುಳಿತವರಿಗೆಲ್ಲ ತೋರಿಸಬೇಕಾಗಿಲ್ಲ. "ಸರ್ಕಾರದ ಹಣ ಕೊಡಿಸುತ್ತೇನೆ" ಎಂದು ಬರುವ ಮಧ್ಯವರ್ತಿಗಳ ಕೈಗೆ ಮೂಲ ಕಾಗದಗಳನ್ನು ಕೊಡಬೇಡಿ, ಬೇಕಿದ್ದರೆ ಪ್ರತಿ ಕೊಡಿ. ಫೋನಿಗೆ ಬರುವ ಓಟಿಪಿ ಅಂಕಿಗಳನ್ನು ಯಾರಿಗೂ ಹೇಳಬೇಡಿ.

ಯಾವಾಗ ಆರಂಭಿಸಬೇಕು?

ನಾಟಿಯ ಕಾಲದಲ್ಲಿ, ಒಕ್ಕಣೆಯ ಕಾಲದಲ್ಲಿ ಈ ಕೆಲಸ ಆಗದು. ನಮ್ಮ ಅನೇಕ ಹಳ್ಳಿಗಳಲ್ಲಿ ಅಮಾವಾಸ್ಯೆಯಂದು ಎತ್ತಿಗೆ ನೊಗ ಹೂಡುವುದಿಲ್ಲ. ಬರುವ ಅಮಾವಾಸ್ಯೆಯ ಮಧ್ಯಾಹ್ನ ಊಟವಾದ ಮೇಲೆ ಮನೆಯವರೆಲ್ಲ ಕುಳಿತು, ಗೂಡು, ಅಟ್ಟ, ಕೈಚೀಲ, ಹಾಸಿಗೆಯ ಕೆಳಗೆ ಎಲ್ಲೆಲ್ಲಿ ಚೀಟಿಗಳಿವೆಯೋ ಎಲ್ಲವನ್ನೂ ಜಗಲಿಗೆ ತಂದು ಸುರಿಯಿರಿ. ಮಕ್ಕಳು ತಾರೀಖು ಓದಲಿ, ಹಿರಿಯರು ಕಾಯಿಲೆ ನೆನಪಿಸಲಿ, ಮನೆಯಾಕೆ ಹೇಳಿದ್ದನ್ನು ಗಂಡಸರು ಬರೆದುಕೊಳ್ಳಲಿ. ಆಕೆಯೊಬ್ಬಳ ನೆನಪಿನಲ್ಲಿದ್ದ ಭಾರವನ್ನು ಮನೆಯವರೆಲ್ಲ ಹಂಚಿಕೊಂಡಂತಾಯಿತು. ಆಕೆಯ ಹೆಸರಿನ ಕವರನ್ನು ಮರೆಯದೆ ಮೊದಲು ಕಟ್ಟಿರಿ. ಎಲ್ಲರ ಚೀಟಿ ಜೋಪಾನ ಮಾಡುವವಳ ಚೀಟಿಯೇ ಬಹಳ ಮನೆಗಳಲ್ಲಿ ಇರುವುದಿಲ್ಲ.

ಅನಂತರ ವರ್ಷಕ್ಕೊಮ್ಮೆ, ಯುಗಾದಿಯ ದಿನ ಪಂಚಾಂಗ ಕೇಳಿದ ಮೇಲೆ, ಪ್ರತಿಯೊಬ್ಬರ ಮೊದಲ ಹಾಳೆಯನ್ನೂ ಒಮ್ಮೆ ಗಟ್ಟಿಯಾಗಿ ಓದಿಸಿ, ಬದಲಾದದ್ದನ್ನು ತಿದ್ದಿ, ಬೇಡದ ಚೀಟಿಗಳನ್ನು ತೆಗೆಯಿರಿ. ನಿಮ್ಮ ಮನೆಯಲ್ಲಿ ಮುಗಿದ ಮೇಲೆ ನೆರೆಮನೆಯ ಮುದುಕರಿಗೂ ಒಂದು ಹಾಳೆ ಬರೆದುಕೊಡಿ. ಸ್ತ್ರೀಶಕ್ತಿ ಸಂಘಗಳು ತಮ್ಮ ಒಂದು ವಾರದ ಸಭೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಇಡೀ ಕೇರಿಯ ಕೆಲಸ ಒಂದೇ ದಿನದಲ್ಲಿ ಮುಗಿದೀತು.

ಜಮೀನಿನ ಕಾಗದ ಕಳೆದರೆ ಕಚೇರಿಗೆ ಅರ್ಜಿ ಕೊಟ್ಟು ನಕಲು ಪಡೆಯಬಹುದು. ಆ ಜಮೀನನ್ನು ಉಳುವ ಜೀವ ಕಳೆದರೆ ನಕಲು ಕೊಡುವ ಕಚೇರಿ ಎಲ್ಲಿಯೂ ಇಲ್ಲ. ಆದ್ದರಿಂದ ಪಹಣಿಗೆ ಕೊಡುವ ಮರ್ಯಾದೆಯನ್ನು ಆರೋಗ್ಯದ ಕಾಗದಕ್ಕೂ ಕೊಡೋಣ.